ಒದಾಕ್ಯೂ ಲೈನ್: ನಾಲ್ಕು ಹಳಿಗಾಗಿ ಅರ್ಧ ಶತಮಾನ ಕಾದದ್ದು ಸಾರ್ಥಕವೇ?

ಹಳಿಪಕ್ಕದ ಮನೆ

ಟೋಕಿಯೊದಲ್ಲಿರುವ ನಮ್ಮವರು ರೈಲಿನ ಮಾತು ತೆಗೆದರೆ ನಿಶಿ-ಕಸಾಯಿ ಮತ್ತು ತೋಜಾಯ್ ಲೈನ್ ಬಿಟ್ಟು ಆಚೆ ಹೋಗುವುದು ಕಡಿಮೆ. ಹೆಚ್ಚಿನವರ ಮನೆ ಆ ಕಡೆಯೇ ಇದೆ, ಸಹಜ. ನಾನು ಊರಿನ ಪಶ್ಚಿಮಕ್ಕೆ ಒದಾಕ್ಯೂ ಲೈನಿನಲ್ಲಿ ಇರುವವನು. ಈ ಲೈನ್ ಬಗ್ಗೆ ಕನ್ನಡದಲ್ಲಿ ಒಂದು ಚರ್ಚೆ ಇರಲಿ ಅಂತ ಶುರು ಮಾಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ನಾಲ್ಕು ಮಾತು. ಶಿಂಜುಕುವಿನಿಂದ ಒದಾವಾರಾವರೆಗೆ 82.5 ಕಿಲೋಮೀಟರ್, 47 ಸ್ಟೇಷನ್. ಸೆತಾಗಾಯಾದ ಮನೆಗಳ ನಡುವೆ ಹೊರಟು, ತಾಮಾ ನದಿ ದಾಟಿ, ಕವಾಸಾಕಿಯ ಗುಡ್ಡಗಳನ್ನು ಹಾದು, ಮಾಚಿದಾ, ಎಬಿನಾ ಮುಟ್ಟಿ, ಹಕೋನೆ ಬೆಟ್ಟಗಳ ಹತ್ತಿರ ಹೋಗಿ ನಿಲ್ಲುತ್ತದೆ. ಖಾಸಗಿ ಕಂಪನಿಯ ಲೈನ್. ತೊಶಿಮಿತ್ಸು ತ್ಸುರುಮಾತ್ಸು ಎಂಬುವರು ಕಟ್ಟಿಸಿದ್ದು. 1927ರ ಏಪ್ರಿಲ್ 1ರಂದು ಇಡೀ ಮಾರ್ಗ ಒಂದೇ ಸಲಕ್ಕೆ ತೆರೆಯಿತು. ತುಂಡು ತುಂಡಾಗಿ ಅಲ್ಲ, ಕೊನೇ ಸ್ಟೇಷನ್‌ವರೆಗೂ. ಆಗ ಹಳಿಯ ಎರಡೂ ಕಡೆ ಹೊಲಗದ್ದೆಗಳೇ ಜಾಸ್ತಿ.

ಯುದ್ಧ ಮುಗಿದ ಮೇಲೆ ಆ ಹೊಲಗಳೆಲ್ಲ ಬಡಾವಣೆಗಳಾದವು. 1970ರ ದಶಕದಲ್ಲಿ ತಾಮಾ ನ್ಯೂ ಟೌನ್ ಎದ್ದಿತು. ಅಲ್ಲಿಗೂ ಒಂದು ಕವಲು ಹಾಕಿದರು. ಎಲ್ಲರ ಕೆಲಸ ಇರುವುದು ಊರೊಳಗೆ, ಎಲ್ಲರೂ ಹೊರಡುವುದು ಬೆಳಗ್ಗೆ ಏಳು-ಎಂಟಕ್ಕೆ. ಹಳಿ ಮಾತ್ರ ಎರಡೇ. ಹೋಗುವುದಕ್ಕೊಂದು, ಬರುವುದಕ್ಕೊಂದು.

ನಾಲ್ಕು ಹಳಿ ಮಾಡಬೇಕು ಅಂತ ನಗರ ಯೋಜನೆಯಲ್ಲಿ ತೀರ್ಮಾನವಾದದ್ದು 1964ರಲ್ಲಿ. ಒಳಗಿನ ಭಾಗದ ದೊಡ್ಡ ಕಾಮಗಾರಿ ಶುರುವಾದದ್ದು 1989ರಲ್ಲಿ. ಪೂರ್ತಿ ಮುಗಿದು ಹೊಸ ವೇಳಾಪಟ್ಟಿ ಬಂದದ್ದು 2018ರ ಮಾರ್ಚ್‌ನಲ್ಲಿ. ತೀರ್ಮಾನದ ದಿನ ಹುಟ್ಟಿದ ಮಗು ಕೆಲಸಕ್ಕೆ ಸೇರಿ, ವರ್ಷಗಟ್ಟಲೆ ನೂಕುನುಗ್ಗಲಿನಲ್ಲಿ ನಿಂತು, ನಿವೃತ್ತಿಯ ಹೊಸ್ತಿಲಿಗೆ ಬಂದಿರುತ್ತದೆ. ಯೋಚನೆ ಮಾಡಿ.

ಸಿಕ್ಕಿದ್ದೇನು? ಬೆಳಗಿನ ಗರಿಷ್ಠ ಒಂದು ಗಂಟೆಯಲ್ಲಿ ಶಿಂಜುಕು ಕಡೆಗೆ 27 ರೈಲು ಓಡುತ್ತಿದ್ದದ್ದು 36 ಆಯಿತು. ಮಾಚಿದಾದಿಂದ ಶಿಂಜುಕುಗೆ ಆ ಹೊತ್ತಿನಲ್ಲಿ 49 ನಿಮಿಷ ಹಿಡಿಯುತ್ತಿದ್ದದ್ದು 37ಕ್ಕೆ ಇಳಿಯಿತು. 192 ಪರ್ಸೆಂಟ್ ಇದ್ದ ದಟ್ಟಣೆ 150ರ ಆಸುಪಾಸಿಗೆ ಬಂತು. 39 ರೈಲ್ವೆ ಗೇಟು ಮಾಯವಾದವು.

ಸಾರ್ಥಕ ಅಂತಲೇ ನನ್ನ ಅಭಿಪ್ರಾಯ. ಹನ್ನೆರಡು ನಿಮಿಷಕ್ಕಿಂತ ಆ 39 ಗೇಟು ಹೋದದ್ದೇ ದೊಡ್ಡದು ಅಂತ ನನಗನಿಸುತ್ತದೆ. ರೈಲು ಹತ್ತದವರಿಗೂ ಅದರಿಂದ ಉಪಯೋಗವಾಯಿತು. ಈ ಲೈನಿನಲ್ಲಿ ಓಡಾಡುವವರು, ಓಡಾಡಿದವರು ಏನನ್ನುತ್ತೀರಿ?

ನಕ್ಷೆಗಾರ

ಒಳ್ಳೆಯ ವಿಷಯ ಎತ್ತಿದ್ದೀರಿ. ನನ್ನ ಕೆಲಸ ಸಿಗ್ನಲ್ ಕಡೆಯದ್ದು, ಹಾಗಾಗಿ ಆ ಹನ್ನೆರಡು ನಿಮಿಷ ಎಲ್ಲಿಂದ ಬಂತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರೈಲಿನ ವೇಗ ಹೆಚ್ಚಿಸಿದರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದಲ್ಲ ವಿಷಯ.

ಎರಡೇ ಹಳಿ ಇದ್ದಾಗ ಎಲ್ಲ ಕಡೆ ನಿಲ್ಲುವ ಲೋಕಲ್ಲೂ ಎಕ್ಸ್‌ಪ್ರೆಸ್ಸೂ ಒಂದೇ ಹಳಿಯಲ್ಲಿ ಹೋಗಬೇಕು. ಮುಂದಿನ ಲೋಕಲ್ ಶಿಮೊಕಿತಾಜಾವಾದಲ್ಲಿ ನಿಂತಿದೆ ಅನ್ನಿ. ಜನ ಹತ್ತಿ ಮುಗಿಯುತ್ತಿಲ್ಲ, ಬಾಗಿಲು ಹಾಕಲಾಗುತ್ತಿಲ್ಲ. ಹಿಂದಿನ ಎಕ್ಸ್‌ಪ್ರೆಸ್‌ಗೆ ಹಳದಿ ಸಿಗ್ನಲ್. ಅದರ ಹಿಂದಿನದಕ್ಕೆ ಕೆಂಪು. ಗಂಟೆಗೆ 27 ರೈಲು ಅಂದರೆ ಎರಡು ನಿಮಿಷ ಚಿಲ್ಲರೆಗೆ ಒಂದು. ಒಂದು ಬಾಗಿಲು ಇಪ್ಪತ್ತು ಸೆಕೆಂಡು ತಡವಾದರೂ ಅದು ಹಿಂದೆ ಬರುವ ಎಲ್ಲ ರೈಲಿಗೂ ದಾಟಿಕೊಂಡು ಹೋಗುತ್ತದೆ. ಎಕ್ಸ್‌ಪ್ರೆಸ್ ಅನ್ನುವ ಬೋರ್ಡು ಇರುತ್ತಿತ್ತು, ಓಟ ಮಾತ್ರ ಲೋಕಲ್‌ನ ಬೆನ್ನಿಗೆ ಅಂಟಿಕೊಂಡು ತೆವಳುವುದೇ ಆಗಿತ್ತು. ವೇಳಾಪಟ್ಟಿ ಹಾಕುವವರೂ ಈ ತೆವಳುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ 49 ನಿಮಿಷ ಅಂತ ಬರೆಯಬೇಕಿತ್ತು.

ನಾಲ್ಕು ಹಳಿ ಆದಮೇಲೆ ಲೋಕಲ್‌ಗೆ ಅದರ ಹಳಿ, ಎಕ್ಸ್‌ಪ್ರೆಸ್‌ಗೆ ಅದರ ಹಳಿ. ಒಂದಕ್ಕೆ ತಡವಾದರೆ ಇನ್ನೊಂದನ್ನು ಎಳೆಯುವುದಿಲ್ಲ. ಮುಖ್ಯ ಲಾಭ ಇದೇ.

ಹಂತ ಹಂತವಾಗಿ ಹೇಗೆ ಬಂತು ನೋಡಿ. ಕೊಮಾಯೆ ಕಡೆಯ ತುಂಡು 1997ರಲ್ಲಿ ಆಯಿತು. ಉಮೆಗಾವೊಕಾವರೆಗಿನದು 2004ರಲ್ಲಿ. ಆಮೇಲೆ ತಾಮಾ ನದಿಯ ಸೇತುವೆ. ಉಳಿದದ್ದು ಉಮೆಗಾವೊಕಾದಿಂದ ಯೊಯೊಗಿ-ಉಎಹಾರಾವರೆಗಿನ ಸಣ್ಣ ತುಂಡು. ಆದರೆ ಆ ಕಡೆ ನಾಲ್ಕು, ಈ ಕಡೆ ನಾಲ್ಕು, ನಡುವೆ ಎರಡು ಅಂದರೆ ಆ ಎರಡರಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟೇ. ಅದಕ್ಕೇ 2004ರಲ್ಲಿ ಬಹುಪಾಲು ಮುಗಿದಿದ್ದರೂ ಬೆಳಗಿನ ಪ್ರಯಾಣಿಕರಿಗೆ ಪೂರ್ತಿ ಫಲ ಸಿಗಲು 2018ರವರೆಗೆ ಕಾಯಬೇಕಾಯಿತು.

ತುಂಗಾತೀರ

ನಾನು ನಿಶಿ-ಕಸಾಯಿಯವನೇ. 150 ಪರ್ಸೆಂಟ್ ಅಂದರೆ ನಮಗೆ ಸ್ವರ್ಗ. ನಮ್ಮ ತೋಜಾಯ್ ಲೈನ್ ಕಿಬಾದಿಂದ ಮೊನ್ಜೆನ್-ನಾಕಾಚೊ ನಡುವೆ 2019ರಲ್ಲಿ 199 ಪರ್ಸೆಂಟ್ ಇತ್ತು. ಕೋವಿಡ್ ಬಂದಮೇಲೆ ಮನೆಯಿಂದ ಕೆಲಸ ಮಾಡುವವರು ಹೆಚ್ಚಿ ಸ್ವಲ್ಪ ಉಸಿರಾಡುವಂತಾಯಿತು.

ಈ ಪರ್ಸೆಂಟ್ ಲೆಕ್ಕ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಜಪಾನಿನ ಸಾರಿಗೆ ಇಲಾಖೆಯ ವಿವರಣೆ ಹೀಗಿದೆ. 100 ಅಂದರೆ ಸೀಟು, ನೇತಾಡುವ ಹಿಡಿ, ಬಾಗಿಲ ಬಳಿಯ ಕಂಬ, ಇವುಗಳಲ್ಲಿ ಎಲ್ಲರಿಗೂ ಒಂದು ಸಿಕ್ಕಿರುತ್ತದೆ. 150 ಅಂದರೆ ಪೇಪರ್ ಬಿಚ್ಚಿ ಆರಾಮಾಗಿ ಓದಬಹುದು. 180 ಅಂದರೆ ಮಡಚಿಕೊಂಡು ಓದಬೇಕು. 200 ಅಂದರೆ ಮೈಗೆ ಮೈ ಒತ್ತುತ್ತದೆ. 250 ಅಂದರೆ ಕೈ ಕೂಡ ಅಲ್ಲಾಡಿಸಲಾಗದು. ಒದಾಕ್ಯೂ 192ರಿಂದ 150ಕ್ಕೆ ಇಳಿಯಿತು ಅಂದರೆ ದಿನಾ ನಿಂತು ಹೋಗುವವನ ಮೈಗೆ ಅದು ಎಷ್ಟು ದೊಡ್ಡ ವ್ಯತ್ಯಾಸ ಅಂತ ನಮಗೆ ಚೆನ್ನಾಗಿ ಗೊತ್ತಾಗುತ್ತದೆ.

ಹಿತ್ತಲ ಗಿಡ

ನಾನು ಸೆತಾಗಾಯಾದಲ್ಲಿ 2013ಕ್ಕೂ ಮುಂಚಿನಿಂದ ಇದ್ದೇನೆ. ಗೇಟಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ.

ಶಿಮೊಕಿತಾಜಾವಾ ಸ್ಟೇಷನ್ ಪಕ್ಕದ ಗೇಟನ್ನು ನೋಡದವರಿಗೆ ಅದು ಹೇಗಿತ್ತು ಅಂತ ಹೇಳಬೇಕು. ಗೇಟಿನ ಕಂಬದಲ್ಲಿ ಎರಡು ಕೆಂಪು ಬಾಣ ಇರುತ್ತಿದ್ದವು. ಯಾವ ಕಡೆಯಿಂದ ರೈಲು ಬರುತ್ತಿದೆ ಅಂತ ತೋರಿಸುವುದಕ್ಕೆ. ಎಡ ಬಾಣ ಆರುತ್ತಿದ್ದಂತೆ ಜನ ಸೈಕಲ್ ಪೆಡಲ್ ಮೇಲೆ ಕಾಲಿಡುತ್ತಿದ್ದರು. ಅಷ್ಟರಲ್ಲಿ ಬಲ ಬಾಣ ಹತ್ತಿಕೊಳ್ಳುತ್ತಿತ್ತು. ಮತ್ತೆ ಕಾಲು ಕೆಳಗೆ. ಟಣ್ ಟಣ್ ಸದ್ದು ನಿಲ್ಲುತ್ತಲೇ ಇರಲಿಲ್ಲ. ಬೆಳಗಿನ ಹೊತ್ತು ಕೆಲವು ಗೇಟುಗಳು ಗಂಟೆಯಲ್ಲಿ ಐವತ್ತು ನಿಮಿಷಕ್ಕೂ ಹೆಚ್ಚು ಮುಚ್ಚಿರುತ್ತಿದ್ದವು. ತರಕಾರಿ ಚೀಲ ಹಿಡಿದ ಅಜ್ಜಿಯರು, ಶಾಲೆಗೆ ಹೊರಟ ಮಕ್ಕಳು, ಎಲ್ಲರೂ ಅಲ್ಲೇ. ಆಂಬುಲೆನ್ಸ್ ಕೂಡ ಸುತ್ತು ಹಾಕಿ ಬೇರೆ ದಾರಿಯಲ್ಲಿ ಹೋಗಬೇಕಿತ್ತು. ಶಿಮೊಕಿತಾಜಾವಾ ಸುತ್ತಲಿನ 2.2 ಕಿಲೋಮೀಟರ್‌ನಲ್ಲೇ ಇಂಥ ಒಂಬತ್ತು ಗೇಟು ಇದ್ದವು.

2013ರ ಮಾರ್ಚ್ 22ರ ರಾತ್ರಿ ಕೊನೇ ರೈಲು ನೆಲದ ಮೇಲೆ ಹೋಯಿತು. 23ರ ಬೆಳಗ್ಗೆ ಮೊದಲ ರೈಲು ನೆಲದಡಿ ಬಂತು. ಒಂದೇ ರಾತ್ರಿಯಲ್ಲಿ. ಬೆಳಗ್ಗೆ ಗೇಟಿನ ಹತ್ತಿರ ಹೋದರೆ ಕೋಲು ಮೇಲೆದ್ದು ನಿಂತಿತ್ತು, ಬಾಣ ಆರಿತ್ತು. ಎಷ್ಟೋ ಜನ ಅಭ್ಯಾಸದಿಂದ ನಿಂತು, ಎರಡೂ ಕಡೆ ನೋಡಿ, ಆಮೇಲೆ ದಾಟುತ್ತಿದ್ದರು.

ಇಷ್ಟು ಹೇಳಿ ಇನ್ನೊಂದು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಕೆಲಸ ತಡವಾಗಲು ಕೇಸು ಹಾಕಿದ ನಿವಾಸಿಗಳೇ ಕಾರಣ ಅಂತ ಇಲ್ಲಿ ಸುಲಭವಾಗಿ ಹೇಳಿಬಿಡುತ್ತಾರೆ. ಅದು ನ್ಯಾಯವಲ್ಲ. ಉಮೆಗಾವೊಕಾದಿಂದ ಪಶ್ಚಿಮಕ್ಕೆ ಹಳಿಯನ್ನು ಕಂಬಗಳ ಮೇಲೆ ಎತ್ತುವುದು ಅಂತ ಯೋಜನೆ ಇತ್ತು. ಪಕ್ಕದಲ್ಲಿ ಮನೆ ಇದ್ದವರು ಕೇಳಿದ್ದು ಒಂದೇ: ಸದ್ದು ನಮ್ಮ ಕಿಟಕಿಯ ಎತ್ತರಕ್ಕೆ ಬರುತ್ತದೆ, ನೆಲದಡಿ ಯಾಕೆ ಮಾಡಬಾರದು? 2001ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಯೋಜನೆಗೆ ಕೊಟ್ಟ ಒಪ್ಪಿಗೆಯೇ ಕಾನೂನುಬಾಹಿರ ಅಂದಿತು. 2003ರಲ್ಲಿ ಹೈಕೋರ್ಟ್ ಅದನ್ನು ತಿರುಗಿಸಿತು. 2005ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಪೂರ್ಣ ಪೀಠ, ಸದ್ದು ಮತ್ತು ಕಂಪನದಿಂದ ತೊಂದರೆಗೊಳಗಾಗುವ ಅಕ್ಕಪಕ್ಕದ ನಿವಾಸಿಗಳಿಗೆ, ಅವರ ಜಮೀನು ಯೋಜನೆಗೆ ಹೋಗದಿದ್ದರೂ, ಕೇಸು ಹಾಕುವ ಹಕ್ಕಿದೆ ಅಂತ ಹೇಳಿತು. 2006ರಲ್ಲಿ ಅವರು ಸೋತರು, ಎತ್ತರದ ಹಳಿ ಸರಿ ಅಂತ ತೀರ್ಪಾಯಿತು. ಆದರೂ ಆ ಹಕ್ಕು ಉಳಿಯಿತು, ಇಡೀ ದೇಶಕ್ಕೆ. ಜಪಾನಿನಲ್ಲಿ ಆಡಳಿತ ಕಾನೂನು ಓದುವವರು ಈ ಕೇಸನ್ನು ಓದದೆ ಮುಂದೆ ಹೋಗುವುದಿಲ್ಲ.

ಹಳಿಪಕ್ಕದ ಮನೆ

@ಹಿತ್ತಲ ಗಿಡ, ತುಂಬಾ ಚೆನ್ನಾಗಿ ಬರೆದಿದ್ದೀರಿ. ಕೇಸು ಹಾಕಿದವರ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ನೂರಾರು ರೈಲು ಮನೆಯ ಪಕ್ಕ ಓಡುವಾಗ ಕೇಳುವ ಹಕ್ಕು ಇರಲೇಬೇಕು. ಆದರೆ ಇನ್ನೊಂದು ಬದಿಯನ್ನೂ ನೋಡಿ. ಆ ವರ್ಷಗಳಲ್ಲಿ ಮಾಚಿದಾ, ಸಗಾಮಿ-ಒನೊ ಕಡೆಯಿಂದ ಬೆಳಗಾದರೆ ನಿಂತು ಬರುತ್ತಿದ್ದವರು ಲಕ್ಷಗಟ್ಟಲೆ ಜನ. ಅವರು ಯಾವ ಕೋರ್ಟಿಗೆ ಹೋಗಬೇಕಿತ್ತು? ಅವರು ಒಂದು ಕಡೆ ಸೇರಿದವರಲ್ಲ, ಅವರಿಗೆ ಸಂಘವಿಲ್ಲ. ರೈಲಿನಿಂದ ಇಳಿದ ಕೂಡಲೇ ಚದುರಿಹೋಗುತ್ತಾರೆ. ಇಂಥ ಯೋಜನೆಗಳಲ್ಲಿ ಪ್ರಯಾಣಿಕರ ದನಿ ಯಾವಾಗಲೂ ಸಣ್ಣದು.

ಹಿತ್ತಲ ಗಿಡ

ಆ ಮಾತು ಒಪ್ಪುತ್ತೇನೆ. ಆದರೆ ಮೊದಲೇ ಕರೆದು ಕೂರಿಸಿ ಕೇಳಿದ್ದರೆ ಇಬ್ಬರಿಗೂ ಇಷ್ಟು ವರ್ಷ ಹೋಗುತ್ತಿರಲಿಲ್ಲ ಅನ್ನುವುದು ನನ್ನ ವಾದ. ಶಿಮೊಕಿತಾಜಾವಾದಲ್ಲಿ ಆಮೇಲೆ ಅದೇ ಆಯಿತು. ಹಳಿ ಕೆಳಗೆ ಹೋದಮೇಲೆ ಮೇಲೆ 1.7 ಕಿಲೋಮೀಟರ್ ಉದ್ದದ ಖಾಲಿ ಜಾಗ ಉಳಿಯಿತು. ಟೋಕಿಯೊದ ನಡುವೆ ಅಂಥ ಜಾಗ ಸಿಕ್ಕರೆ ಎತ್ತರದ ಕಟ್ಟಡ ಎದ್ದುಬಿಡುತ್ತದೆ ಅಂತ ಎಲ್ಲರಿಗೂ ಭಯ. ಊರಿನವರು, ವಾರ್ಡ್ ಕಚೇರಿಯವರು, ರೈಲು ಕಂಪನಿಯವರು ವರ್ಷಗಟ್ಟಲೆ ಕೂತು ಮಾತಾಡಿದರು. ಈಗ ಅಲ್ಲಿ ತಗ್ಗಿನ ಕಟ್ಟಡಗಳಿವೆ. ನಡೆಯುವ ದಾರಿ, ಶಿಶುವಿಹಾರ, ವಿದ್ಯಾರ್ಥಿಗಳ ವಸತಿ, ಬಿಸಿನೀರಿನ ಸ್ನಾನದ ಒಂದು ಸಣ್ಣ ತಂಗುದಾಣ. ಬೋನಸ್ ಟ್ರ್ಯಾಕ್ ಅನ್ನುವ ಜಾಗ 2020ರಲ್ಲಿ ತೆರೆಯಿತು. ಕೆಳಗೆ ಅಂಗಡಿ, ಮೇಲೆ ಅಂಗಡಿಯವರ ಮನೆ, ಹಾಗೆ ಕಟ್ಟಿದ್ದಾರೆ. ಬಾಡಿಗೆ ಕೈಗೆಟುಕಬೇಕು, ಹೊಸಬರು ಅಂಗಡಿ ಇಡಬೇಕು ಅನ್ನುವುದು ಲೆಕ್ಕ. ಪುಸ್ತಕದ ಅಂಗಡಿಯೂ ಇದೆ. ಗಿಡಗಳನ್ನು ನೋಡಿಕೊಳ್ಳುವವರು ಊರಿನವರೇ. ಪೂರ್ತಿ ದಾರಿ 2022ರಲ್ಲಿ ಸಿದ್ಧವಾಯಿತು. ಟೋಕಿಯೊಗೆ ಬಂದವರು ಒಮ್ಮೆ ಹಿಗಾಶಿ-ಕಿತಾಜಾವಾದಿಂದ ಸೆತಾಗಾಯಾ-ದೈತಾವರೆಗೆ ನಡೆದು ನೋಡಿ.

ಕಾಗದದ ದೋಣಿ

ನಾನು ಶಿನ್-ಯುರಿಗಾವೊಕಾದಲ್ಲಿದ್ದೇನೆ, ಎರಡು ಸಣ್ಣ ಮಕ್ಕಳ ತಾಯಿ. ಹಳಿ ಎಷ್ಟಿದೆ ಅಂತ ನಾನು ಎಣಿಸಿದವಳಲ್ಲ. ಈ ಲೈನಿನ ಬಗ್ಗೆ ನನಗೆ ಮನಸ್ಸಿಗೆ ಹತ್ತಿರವಾದದ್ದು ಬೇರೆ.

2022ರ ಮಾರ್ಚ್‌ನಿಂದ ಐಸಿ ಕಾರ್ಡ್ (ತಾಗಿಸಿ ದುಡ್ಡು ಕಟ್ಟುವ ಪ್ರಯಾಣದ ಕಾರ್ಡ್) ಇರುವ ಮಕ್ಕಳಿಗೆ ಒದಾಕ್ಯೂನಲ್ಲಿ ಎಲ್ಲಿಂದ ಎಲ್ಲಿಗೆ ಹೋದರೂ 50 ಯೆನ್. ಶಿಂಜುಕುವಿನಿಂದ ಒದಾವಾರಾವರೆಗೂ ಅಷ್ಟೇ. ದೊಡ್ಡವರಿಗೆ ಅದೇ ದೂರಕ್ಕೆ 900 ಯೆನ್‌ಗೂ ಮೇಲಾಗುತ್ತದೆ. ಮೂರನೇ ಬೋಗಿಯನ್ನು ಮಕ್ಕಳಿರುವವರಿಗೆ ಅಂತ ಗುರುತು ಮಾಡಿದ್ದಾರೆ. ಬೇರೆಯವರೂ ಹತ್ತಬಹುದು, ಆದರೆ ಅಲ್ಲಿ ಮಗು ಅತ್ತರೆ ಯಾರೂ ಮುಖ ಸಿಂಡರಿಸುವುದಿಲ್ಲ. ತಳ್ಳುಗಾಡಿ ಮಡಚದೆ ನಿಲ್ಲಬಹುದು. ಟೋಕಿಯೊದ ರೈಲಿನಲ್ಲಿ ಅಳುವ ಮಗು ಎತ್ತಿಕೊಂಡು ನಿಂತವರಿಗೆ ಇದರ ಬೆಲೆ ಗೊತ್ತು. ನನ್ನ ದೊಡ್ಡವನು ಎಬಿನಾದಲ್ಲಿರುವ, ಇದೇ ಲೈನಿನ ಸೀಟಿಗೆ ಬೇರೆ ದುಡ್ಡು ಕೊಡುವ ವಿಶೇಷ ಎಕ್ಸ್‌ಪ್ರೆಸ್ ಆದ ರೊಮ್ಯಾನ್ಸ್‌ಕಾರ್ ಮ್ಯೂಸಿಯಂಗೆ ಹೋಗೋಣ ಅಂತ ರಜೆ ಬಂದರೆ ಸಾಕು ಹಟ ಹಿಡಿಯುತ್ತಾನೆ.

ಸುರಕ್ಷತೆಯ ಬಗ್ಗೆಯೂ ಹೇಳಬೇಕು. 2021ರ ಆಗಸ್ಟ್‌ನಲ್ಲಿ ಇದೇ ಲೈನಿನಲ್ಲಿ ಸೇಜೊ ಹತ್ತಿರ ಓಡುವ ರೈಲಿನೊಳಗೆ ಒಬ್ಬ ಚಾಕುವಿನಿಂದ ಜನರ ಮೇಲೆ ದಾಳಿ ಮಾಡಿದ. ಆಮೇಲೆ ಕೆಲವು ತಿಂಗಳು ಸಂಜೆಯ ರೈಲು ಹತ್ತಲು ನನಗೆ ಧೈರ್ಯವೇ ಬರುತ್ತಿರಲಿಲ್ಲ. ಈಗ ಬಾಗಿಲ ಬಳಿಯ ತುರ್ತು ಬಟನ್ ಎಲ್ಲಿದೆ ಅಂತ ಮಕ್ಕಳಿಗೂ ತೋರಿಸಿಕೊಟ್ಟಿದ್ದೇನೆ. ಎಕ್ಸ್‌ಪ್ರೆಸ್ ಪಕ್ಕದ ಹಳಿಯಲ್ಲೇ ಹೋಗಲಿ, ನೆಲದಡಿಯಲ್ಲೇ ಹೋಗಲಿ, ಒಳಗೆ ಕೂತವರು ನಿಶ್ಚಿಂತೆಯಿಂದ ಇರಬೇಕು ಅಲ್ವಾ? ಅದನ್ನೂ ಈ ಲೆಕ್ಕದಲ್ಲಿ ಸೇರಿಸಿ.

ಜೋಳದ ಹೊಲ

ನನ್ನದು ನೇರ ಪ್ರಶ್ನೆ. ಖಾಸಗಿ ಕಂಪನಿ ಅಂದಿರಿ. ಇಷ್ಟೆಲ್ಲ ಮಾಡಲು ದುಡ್ಡು ಯಾರು ಕೊಟ್ಟರು? ಟಿಕೆಟ್ ದುಡ್ಡಿನಲ್ಲೇ ಆಯಿತಾ?

ನಕ್ಷೆಗಾರ

@ಜೋಳದ ಹೊಲ, ಒಳ್ಳೆಯ ಪ್ರಶ್ನೆ. ಒಟ್ಟು ಖರ್ಚು 30 ಸಾವಿರ ಕೋಟಿ ಯೆನ್‌ಗೂ ಮೇಲೆ. ಇದರಲ್ಲಿ ಎರಡು ಕೆಲಸ ಬೆರೆತಿವೆ.

ಒಂದು, ಹಳಿಯನ್ನು ನೆಲದಿಂದ ಮೇಲಕ್ಕೋ ಕೆಳಕ್ಕೋ ಒಯ್ದು ಗೇಟು ತೆಗೆಯುವುದು. ಇದನ್ನು ಅಲ್ಲಿ ರಸ್ತೆಯ ಕೆಲಸ ಅಂತ ನೋಡುತ್ತಾರೆ. ಉಪಯೋಗ ರಸ್ತೆ ದಾಟುವವರಿಗೆ ತಾನೇ. ಹಾಗಾಗಿ ಬಹುಪಾಲು ದುಡ್ಡು ಕೇಂದ್ರ ಸರ್ಕಾರ, ಟೋಕಿಯೊ ಆಡಳಿತ, ವಾರ್ಡುಗಳದ್ದು. ಕಂಪನಿಯ ಪಾಲು ಸಣ್ಣದು.

ಇನ್ನೊಂದು, ಎರಡು ಹಳಿಯನ್ನು ನಾಲ್ಕು ಮಾಡುವುದು. ಇದು ಕಂಪನಿಯ ಕೆಲಸ. ಇಲ್ಲಿ ತೊಂದರೆ ಏನೆಂದರೆ, ಇಷ್ಟು ಸಾಲ ಮಾಡಿ ಹಳಿ ಹಾಕಿದರೂ ಪ್ರಯಾಣಿಕರ ಸಂಖ್ಯೆ ಅದೇ. ಅವರೇ ಸ್ವಲ್ಪ ಆರಾಮಾಗಿ ಬರುತ್ತಾರೆ, ಅಷ್ಟೇ. ಕಂಪನಿಗೆ ಹೊಸ ಆದಾಯ ಹೆಚ್ಚೇನಿಲ್ಲ. ಅದಕ್ಕೆ 1986ರಲ್ಲಿ ಒಂದು ಕಾನೂನು ತಂದರು. ಟಿಕೆಟ್ ದರಕ್ಕೆ ಮುಂಚಿತವಾಗಿ ಸ್ವಲ್ಪ ಸೇರಿಸಿ, ಅದನ್ನು ಬೇರೆ ನಿಧಿಯಾಗಿ ಕೂಡಿಟ್ಟು, ಹಳಿ ಹೆಚ್ಚಿಸಲು ಬಳಸಬಹುದು. ಒದಾಕ್ಯೂ ಸೇರಿ ಟೋಕಿಯೊದ ಹಲವು ಖಾಸಗಿ ಕಂಪನಿಗಳು ಇದನ್ನು ಬಳಸಿದವು. ಅಂದರೆ ಮುಂದೆ ಬರುವವರ ಆರಾಮಕ್ಕೆ ಆಗ ನೂಕುನುಗ್ಗಲಿನಲ್ಲಿ ನಿಂತವರೇ ಮೊದಲ ಕಂತು ಕಟ್ಟಿದರು. ಹಳಿಪಕ್ಕದ ಮನೆಯವರು ಪ್ರಯಾಣಿಕರ ದನಿಯ ಬಗ್ಗೆ ಹೇಳಿದರಲ್ಲ, ಅದಕ್ಕೆ ಇದನ್ನೂ ಸೇರಿಸಿಕೊಳ್ಳಿ. ಅವರು ಕಾದದ್ದಷ್ಟೇ ಅಲ್ಲ, ದುಡ್ಡೂ ಕೊಟ್ಟರು.

ಕಾಮಗಾರಿ ಹೇಗೆ ಮಾಡಿದರು ಅನ್ನುವುದನ್ನೂ ಹೇಳಿಬಿಡುತ್ತೇನೆ, ನನಗೆ ಅದು ಬಹಳ ಇಷ್ಟ. ಶಿಮೊಕಿತಾಜಾವಾದಲ್ಲಿ ಅಕ್ಕಪಕ್ಕ ನಾಲ್ಕು ಹಳಿಗೆ ಅಗಲ ಇರಲಿಲ್ಲ. ಅದಕ್ಕೆ ಒಂದರ ಕೆಳಗೊಂದು ಎರಡು ಅಂತಸ್ತು ಮಾಡಿದರು. ಕೆಳಗೆ ಎಕ್ಸ್‌ಪ್ರೆಸ್, ಮೇಲೆ ಲೋಕಲ್. ಕೆಳಗಿನದನ್ನು ಸುರಂಗ ಕೊರೆಯುವ ಯಂತ್ರದಿಂದ ಮಾಡಿದರು. ಮೇಲಿನದನ್ನು ನೆಲ ಅಗೆದು ಮಾಡಬೇಕು. ಆದರೆ ನೆಲದ ಮೇಲೆ ರೈಲು ಓಡುತ್ತಲೇ ಇದೆ, ಒಂದು ದಿನವೂ ನಿಲ್ಲಿಸುವಂತಿಲ್ಲ. ಹಳಿಯನ್ನು ತಾತ್ಕಾಲಿಕ ತೊಲೆಗಳ ಮೇಲೆ ಹೊರಿಸಿ ಅದರಡಿ ಮಣ್ಣು ತೆಗೆದರು. 2013ರಲ್ಲಿ ಎಲ್ಲ ರೈಲುಗಳನ್ನೂ ಮೊದಲು ಕೆಳಗಿನ ಎಕ್ಸ್‌ಪ್ರೆಸ್ ಹಳಿಗೇ ಇಳಿಸಿದರು. ಆಮೇಲೆ ಮೇಲಿನ ಅಂತಸ್ತು ಮುಗಿಸಿದರು. 2018ರಲ್ಲಿ ಲೋಕಲ್‌ಗಳು ಮೇಲಕ್ಕೆ ಬಂದವು.

ಸಂಜೆಗೆಂಪು

ಎಲ್ಲ ಸರಿ, ನನ್ನದೊಂದು ದೂರು ಇದೆ. ಹಳಿ ಹೆಚ್ಚಾದ ಮೇಲೆ ಬೆಳಗ್ಗೆ ಮತ್ತು ಸಂಜೆ ರೊಮ್ಯಾನ್ಸ್‌ಕಾರ್ ಓಡಾಟ ಎದ್ದು ಕಾಣುತ್ತದೆ. ಬೆಳಗಿನದಕ್ಕೆ ಮಾರ್ನಿಂಗ್ ವೇ ಅಂತ ಹೆಸರು, ಸಂಜೆಯದಕ್ಕೆ ಹೋಮ್ ವೇ. ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಕೊಡಬೇಕು. ಎಲ್ಲರಿಂದ ಕೂಡಿಟ್ಟ ದುಡ್ಡಿನಿಂದ ಹಾಕಿದ ಹಳಿಯಲ್ಲಿ, ದುಡ್ಡು ಕೊಡುವವರಿಗೆ ಮಾತ್ರ ಕೂರುವ ರೈಲು ಯಾಕೆ? ಆ ಹೊತ್ತಿಗೆ ಇನ್ನೊಂದು ಸಾಮಾನ್ಯ ಎಕ್ಸ್‌ಪ್ರೆಸ್ ಓಡಿಸಬಹುದಿತ್ತಲ್ಲ? ದಿನವಿಡೀ ಅಂಗಡಿಯಲ್ಲಿ ನಿಂತು ಕೆಲಸ ಮಾಡಿ ಬರುವ ನಮ್ಮಂಥವರಿಗೆ ಸೀಟು ಬೇಕಾದದ್ದು ಎಲ್ಲರಿಗಿಂತ ಹೆಚ್ಚು.

ಗಾಳಿಮರ

@ಸಂಜೆಗೆಂಪು, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೂ ರೊಮ್ಯಾನ್ಸ್‌ಕಾರ್ ಪರವಾಗಿ ನಾನು ಮಾತಾಡಲೇಬೇಕು.

ಅದು ಹಕೋನೆಯ ಬಿಸಿನೀರ ಬುಗ್ಗೆಗಳಿಗೆ ಹೋಗುವವರ ರೈಲಾಗಿ ಬೆಳೆದದ್ದು. 1957ರಲ್ಲಿ ಬಂದ 3000 ಮಾದರಿಯ ರೈಲನ್ನು ಸರ್ಕಾರಿ ರೈಲ್ವೆಯ ಸಂಶೋಧನಾ ಸಂಸ್ಥೆಯ ನೆರವಿನಿಂದ ರೂಪಿಸಿದರು. ತೂಕ ಕಡಿಮೆ, ಮೂತಿ ಚೂಪು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ರೈಲ್ವೆಯ ತೋಕಾಯ್ದೊ ಹಳಿಯ ಮೇಲೆ ಓಡಿಸಿ ನೋಡಿದಾಗ ಗಂಟೆಗೆ 145 ಕಿಲೋಮೀಟರ್ ಮುಟ್ಟಿತು. ಕಿರಿದಾದ ಹಳಿಯಲ್ಲಿ ಆಗ ಅದು ಜಗತ್ತಿನ ದಾಖಲೆ. ಏಳು ವರ್ಷದ ನಂತರ ಬಂದ ಬುಲೆಟ್ ರೈಲು ಶಿಂಕಾನ್ಸೆನ್‌ಗೆ ಅಲ್ಲಿ ಕಲಿತದ್ದು ಕೆಲಸಕ್ಕೆ ಬಂತು. 1963ರ ಮಾದರಿಯಲ್ಲಿ ಚಾಲಕನನ್ನು ಮಾಳಿಗೆಗೆ ಕಳಿಸಿ, ಮುಂದಿನ ಗಾಜಿನ ಹಿಂದೆ ಪ್ರಯಾಣಿಕರನ್ನೇ ಕೂರಿಸಿದರು. ಮುಂದಿನ ಸಾಲಿನಲ್ಲಿ ಕೂತು ಎದುರಿಗೆ ಹಳಿ ಬರುವುದನ್ನು ನೋಡುವ ಸುಖವೇ ಬೇರೆ. ಮಗುವಿನಿಂದ ಅಜ್ಜನವರೆಗೆ ಎಲ್ಲರೂ ಮಾತು ನಿಲ್ಲಿಸಿ ನೋಡುತ್ತಾರೆ. 2018ರ ಕೆಂಪು ರೈಲಿನಲ್ಲೂ ಅದೇ ವ್ಯವಸ್ಥೆ ಇದೆ.

ಸೀಟಿಗೆ ಬೇರೆ ದುಡ್ಡು ಅನ್ನುವುದಕ್ಕೆ ಬಂದರೆ, ಜನಸಂಖ್ಯೆ ಕಡಿಮೆಯಾಗುತ್ತಿರುವ ದೇಶದಲ್ಲಿ ಪಾಸ್ ಆದಾಯವನ್ನೇ ನಂಬಿ ಕೂರಲಾಗುವುದಿಲ್ಲ. ಆ ಸೀಟಿನ ದುಡ್ಡೂ ಸೇರಿಯೇ ಈ ಲೈನ್ ನಡೆಯುತ್ತದೆ.

ಸಂಜೆಗೆಂಪು

ರೈಲು ಸುಂದರವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಕೋನೆಗೆ ಹೋಗುವ ಸುಖಕ್ಕೂ ದಿನದ ಕೆಲಸಕ್ಕೆ ಹೋಗುವ ಅಗತ್ಯಕ್ಕೂ ವ್ಯತ್ಯಾಸ ಇದೆ. ಬೆಳಗಿನ ಎರಡು ಗಂಟೆಯಲ್ಲಿ ಸಾಮಾನ್ಯ ರೈಲಿಗೇ ಮೊದಲ ಸ್ಥಾನ ಸಿಗಬೇಕು ಅನ್ನುವ ಮಾತಿಗೆ ನಾನು ಬದ್ಧ.

ಕೆರೆಯಂಗಳ

ಬೆಂಗಳೂರಿನಿಂದ ಓದುತ್ತಿದ್ದೇನೆ. ನಮ್ಮ ಮೆಟ್ರೋಗೆ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಸಾಲ ಕೊಟ್ಟಿದೆ. ಉಪನಗರ ರೈಲಿನ 148 ಕಿಲೋಮೀಟರ್ ಯೋಜನೆಯೂ ಕೈಯಲ್ಲಿದೆ. ಈಗಲೇ ನಾವು ಗಮನಿಸಬೇಕಾದದ್ದು ಏನಾದರೂ ಇದೆಯಾ?

ನಕ್ಷೆಗಾರ

@ಕೆರೆಯಂಗಳ, ದೊಡ್ಡ ವಿಷಯ ಅದು, ಬೇರೆ ಚರ್ಚೆಯೇ ಬೇಕು. ಒಂದೇ ಮಾತು ಹೇಳುತ್ತೇನೆ. ಮನೆಗಳು ಎದ್ದಮೇಲೆ ಹಳಿ ಅಗಲ ಮಾಡುವುದು ಎಷ್ಟು ಕಷ್ಟ ಅಂತ ಮೇಲೆ ಓದಿದಿರಿ. ಇವತ್ತು ಎರಡೇ ಹಳಿ ಹಾಕಿದರೂ ಮುಂದೆ ಇನ್ನೆರಡಕ್ಕೆ ಬೇಕಾದ ಜಾಗವನ್ನು ಬಿಟ್ಟುಕೊಂಡೇ ಸ್ಟೇಷನ್ ಕಟ್ಟಬೇಕು. ಕಡೇಪಕ್ಷ ಅಲ್ಲಲ್ಲಿ ಲೋಕಲ್ ಪಕ್ಕಕ್ಕೆ ಸರಿದು ಎಕ್ಸ್‌ಪ್ರೆಸ್‌ಗೆ ದಾರಿ ಬಿಡುವ ಸ್ಟೇಷನ್‌ಗಳಿರಲಿ. ಒದಾಕ್ಯೂನಲ್ಲಿ ನಾಲ್ಕು ಹಳಿ ಬರುವ ಮುಂಚೆಯೂ ದಿನ ತಳ್ಳಿದ್ದು ಅಂಥ ಸ್ಟೇಷನ್‌ಗಳ ಬಲದಿಂದಲೇ.

ಹೊಸ ಪಯಣ

ಮುಂದಿನ ಏಪ್ರಿಲ್‌ಗೆ ಮಾಚಿದಾಗೆ ಮನೆ ಬದಲಿಸುತ್ತಿದ್ದೇನೆ. ಆಫೀಸು ಓತೆಮಾಚಿ. ಬೆಳಗ್ಗೆ ಹೇಗೆ ಹೋದರೆ ಒಳ್ಳೆಯದು? ಬೆನ್ನು ನೋವಿದೆ, ದೂರದವರೆಗೆ ನಿಲ್ಲುವುದು ಕಷ್ಟ. ದಯವಿಟ್ಟು ತಿಳಿಸಿ.

ಹಳಿಪಕ್ಕದ ಮನೆ

@ಹೊಸ ಪಯಣ, ಸ್ವಾಗತ. ಓತೆಮಾಚಿ ಚಿಯೋದಾ ಲೈನಿನಲ್ಲಿದೆ, ಹಾಗಾಗಿ ಶಿಂಜುಕುಗೆ ಹೋಗುವ ಅಗತ್ಯವೇ ಇಲ್ಲ. 1978ರಿಂದ ಒದಾಕ್ಯೂ ರೈಲುಗಳು ಯೊಯೊಗಿ-ಉಎಹಾರಾದಿಂದ ನೇರ ಚಿಯೋದಾ ಮೆಟ್ರೋ ಹಳಿಗೆ ಇಳಿಯುತ್ತವೆ. 2018ಕ್ಕೆ ಮುಂಚೆ ಬೆಳಗಿನ ಗರಿಷ್ಠ ಗಂಟೆಯಲ್ಲಿ ಇಂಥ ರೈಲು ಐದು ಇದ್ದವು. ಆಮೇಲೆ ಹನ್ನೆರಡು ಮಾಡಿದರು.

ಬೇಗ ಹೋಗಬೇಕಾದ ದಿನ ಮಾಚಿದಾದಲ್ಲಿ ರ್‍ಯಾಪಿಡ್ ಎಕ್ಸ್‌ಪ್ರೆಸ್ ಹತ್ತಿ ಯೊಯೊಗಿ-ಉಎಹಾರಾದಲ್ಲಿ ಇಳಿಯಿರಿ. ಮೆಟ್ಟಿಲು ಹತ್ತಿ ಇಳಿಯುವ ಕೆಲಸವಿಲ್ಲ, ಅದೇ ಪ್ಲಾಟ್‌ಫಾರ್ಮಿನ ಎದುರು ಬದಿಗೆ ಚಿಯೋದಾ ರೈಲು ಬರುತ್ತದೆ. ಹಲವು ರೈಲು ಅಲ್ಲಿಂದಲೇ ಹೊರಡುತ್ತವೆ, ಖಾಲಿ ಬರುತ್ತವೆ. ಒಂದನ್ನು ಬಿಟ್ಟು ಮುಂದಿನದಕ್ಕೆ ಸಾಲಿನಲ್ಲಿ ಮುಂದೆ ನಿಂತರೆ ಅಲ್ಲಿಂದ ಸೀಟು ಸಿಗುತ್ತದೆ.

ಬೆನ್ನು ನೋವು ಅಂದಿದ್ದರಿಂದ ಇನ್ನೊಂದು ದಾರಿ. ಮುಕೋಗಾವೊಕಾ-ಯೂಎನ್‌ನಿಂದ ಹೊರಡುವ ಚಿಯೋದಾ ಕಡೆಯ ಲೋಕಲ್‌ಗಳಿವೆ. ಮಾಚಿದಾದಿಂದ ಅಲ್ಲಿವರೆಗೆ ಎಕ್ಸ್‌ಪ್ರೆಸ್‌ನಲ್ಲಿ ಬಂದು ಅದಕ್ಕೆ ಬದಲಿಸಿದರೆ ಓತೆಮಾಚಿವರೆಗೂ ಕೂತು ಹೋಗಬಹುದು. ರ್‍ಯಾಪಿಡ್ ಎಕ್ಸ್‌ಪ್ರೆಸ್ ಅಲ್ಲಿ ನಿಲ್ಲುವುದಿಲ್ಲ, ಬೋರ್ಡು ನೋಡಿ ಹತ್ತಿ. ಸಮಯ ಜಾಸ್ತಿ ಹಿಡಿಯುತ್ತದೆ, ಆದರೆ ಬೆನ್ನಿಗೆ ಹಿತ.

ಕಾಗದದ ದೋಣಿ

ನೋವು ಜಾಸ್ತಿ ಇದ್ದರೆ ಹೆಲ್ಪ್ ಮಾರ್ಕ್ ಅನ್ನುವ ಕೆಂಪು ಪಟ್ಟಿ ಸಿಗುತ್ತದೆ, ಮೇಲೆ ಬಿಳಿ ಕೂಡುವ (+) ಚಿಹ್ನೆ, ಕೆಳಗೆ ಬಿಳಿ ಹೃದಯ. ಬ್ಯಾಗಿಗೆ ನೇತುಹಾಕಿ ಆದ್ಯತೆಯ ಸೀಟಿನ ಮುಂದೆ ನಿಲ್ಲಿ. ಕೇಳಲು ಸಂಕೋಚ ಬೇಡ. ಆಮೇಲೆ, ಪಾಸ್ ಮಾಡಿಸುವ ಮುಂಚೆ ಆಫೀಸಿನಲ್ಲಿ ಮಾರ್ಗ ಯಾವುದು ಅಂತ ಬರೆದುಕೊಡಬೇಕಾಗುತ್ತದೆ. ಹೆಚ್ಚಿನ ಕಡೆ ಪಾಸಿನ ದುಡ್ಡು ಕಂಪನಿಯೇ ಕೊಡುತ್ತದೆ. ಆರು ತಿಂಗಳಿನದು ತೆಗೆದುಕೊಂಡರೆ ಅಗ್ಗ.

ಹೊಸ ಪಯಣ

ಇಬ್ಬರಿಗೂ ತುಂಬಾ ಧನ್ಯವಾದ. ಏಪ್ರಿಲ್ ಮೊದಲ ವಾರ ಮುಕೋಗಾವೊಕಾ-ಯೂಎನ್ ದಾರಿಯನ್ನೇ ಹಿಡಿದು ನೋಡುತ್ತೇನೆ. ಹೇಗಾಯಿತು ಅಂತ ಇಲ್ಲೇ ಬರೆಯುತ್ತೇನೆ.